ಹಳೆಯ ಖಾಸಗಿ ಲಘು ವಿಮಾನಕ್ಕೆ ಹೊಸ ಉಪಕರಣ: ಅಮೆರಿಕದ ಸಡಿಲ ನಿಯಮಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಅಮೆರಿಕದಲ್ಲಿ ನೋಂದಣಿಯಾದ, ಮೈಮೇಲೆ ‘ಎನ್’ ಅಕ್ಷರದ ಸಂಖ್ಯೆ ಹೊತ್ತ ಹಳೆಯ ಸಣ್ಣ ವಿಮಾನಗಳ ಮಾಲೀಕರಿಗೆ: ಸೆಸ್ನಾ 150, 172, ಪೈಪರ್ ಚೆರೋಕಿ, ಬೀಚ್ ಬೊನಾಂಜಾ, ಇಂಥವು. ಅಂಥದ್ದೊಂದನ್ನು ಕೊಳ್ಳುವ ಯೋಚನೆಯಲ್ಲಿರುವವರಿಗೂ, ನಾಲ್ಕು ಜನ ಸೇರಿ ಪಾಲುದಾರಿಕೆಯಲ್ಲಿ ಇಟ್ಟುಕೊಂಡವರಿಗೂ ಉಪಯೋಗಕ್ಕೆ ಬರುತ್ತದೆ. ಬಾಡಿಗೆಗೆ ಹಾರಿಸುವ ದೊಡ್ಡ ವಿಮಾನಗಳ ವಿಷಯ ಇಲ್ಲಿಲ್ಲ.

ಐವತ್ತು ವರ್ಷ ಹಳೆಯ ವಿಮಾನಕ್ಕೆ ಒಂದು ಹೊಸ ಮೀಟರ್ ಕೂರಿಸುವುದು ಅಷ್ಟು ಕಷ್ಟ ಯಾಕಿತ್ತು?

ಸೆಸ್ನಾ 172 ಮಾರುಕಟ್ಟೆಗೆ ಬಂದದ್ದು 1956ರಲ್ಲಿ. ಆಗಿನ ಸಿಎಆರ್ 3 ಎಂಬ ನಿಯಮಾವಳಿಯ ಕೆಳಗೆ ಅದಕ್ಕೆ ಟೈಪ್ ಸರ್ಟಿಫಿಕೇಟ್ ಸಿಕ್ಕಿತು. ಆ ಸರ್ಟಿಫಿಕೇಟ್ ಹೇಳುವುದಿಷ್ಟು: ವಿಮಾನ ಹೀಗಿದೆ, ಇದರ ಮೀಟರ್‌ಗಳು ಇಂಥವು, ಹೀಗಿದ್ದರೆ ಮಾತ್ರ ಇದು ಹಾರಾಟಯೋಗ್ಯ. ಆಮೇಲೆ ಏನೇ ಬದಲಿಸಿದರೂ ಅದು ಚಿಕ್ಕ ಬದಲಾವಣೆಯೋ ದೊಡ್ಡದೋ ಎಂಬ ಪ್ರಶ್ನೆ ಏಳುತ್ತದೆ. ದೊಡ್ಡದಾದರೆ ಎಸ್‌ಟಿಸಿ, ಅಂದರೆ ಪೂರಕ ಟೈಪ್ ಸರ್ಟಿಫಿಕೇಟ್ ಬೇಕು. ಇಲ್ಲವೇ ಅಮೆರಿಕದ ವಾಯುಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎಯ ಇನ್‌ಸ್ಪೆಕ್ಟರ್ ಆ ಒಂದೇ ವಿಮಾನಕ್ಕೆ ಕೊಡುವ ಫೀಲ್ಡ್ ಅಪ್ರೂವಲ್ ಬೇಕು. ಸಾಲದ್ದಕ್ಕೆ ಉಪಕರಣವೂ ಟಿಎಸ್‌ಒ, ಅಂದರೆ ವಿಮಾನದ ಉಪಕರಣಗಳಿಗೆ ಎಫ್‌ಎಎ ಹಾಕಿದ ಮಾನದಂಡದ ಮಟ್ಟಕ್ಕೆ ತಯಾರಾಗಿರಬೇಕು. ಈ ಪರೀಕ್ಷೆ, ಕಾಗದಗಳ ಖರ್ಚನ್ನೆಲ್ಲ ಕೆಲವೇ ಸಾವಿರ ಗಿರಾಕಿಗಳ ಮೇಲೆ ಹಂಚಿದಾಗ ಬೆಲೆ ಏರದೆ ಇರುತ್ತದೆಯೇ?

ಇದರ ಫಲ ವಿಚಿತ್ರವಾಗಿತ್ತು. ಮನೆಯಲ್ಲೇ ಕಟ್ಟಿದ ಎಕ್ಸ್‌ಪೆರಿಮೆಂಟಲ್ ವಿಮಾನದವನು ಎರಡು ಸಾವಿರ ಡಾಲರಿಗೆ ಒಳ್ಳೆಯ ಎಲೆಕ್ಟ್ರಾನಿಕ್ ಕೃತಕ ದಿಗಂತ (ವಿಮಾನ ಎಷ್ಟು ವಾಲಿದೆ ಎಂದು ತೋರಿಸುವ ಮೀಟರ್) ತಂದು ಕೂರಿಸುತ್ತಿದ್ದ. ಪಕ್ಕದ ಹ್ಯಾಂಗರಿನ ಚೆರೋಕಿಯವನು ಹಳೆಯ ಕೃತಕ ದಿಗಂತದ ಗೈರೊ ಚಕ್ರವನ್ನು ಗಾಳಿ ಎಳೆದು ತಿರುಗಿಸುವ ವಾಕ್ಯೂಮ್ ಪಂಪ್ ನಂಬಿಕೊಂಡು ಮೋಡದೊಳಗೆ ಹೋಗುತ್ತಿದ್ದ. ಒಣ ವಾಕ್ಯೂಮ್ ಪಂಪಿನ ಕಾರ್ಬನ್ ಪಟ್ಟಿಗಳು ಸವೆದು ಮುರಿಯುವಾಗ ಮುನ್ಸೂಚನೆ ಕೊಡುವುದು ಅಪರೂಪ. ಪಂಪ್ ಸತ್ತ ಮೇಲೆ ಗೈರೊ ತಕ್ಷಣ ನಿಲ್ಲುವುದಿಲ್ಲ, ವೇಗ ಕಳೆದುಕೊಳ್ಳುತ್ತಾ ಮೆಲ್ಲಗೆ ವಾಲುತ್ತದೆ. ಪೈಲಟ್ ಅದನ್ನೇ ನಂಬಿ ವಿಮಾನವನ್ನೂ ವಾಲಿಸುತ್ತಾನೆ. ಸುರಕ್ಷತೆಗೆಂದು ಬರೆದ ನಿಯಮವೇ ಕಡಿಮೆ ಸುರಕ್ಷಿತವಾದ ಸಾಮಾನನ್ನು ಕಾಪಾಡಿಕೊಂಡು ಬಂದಿತ್ತು.

ಹಾಗಾದರೆ ಏನು ಬದಲಾಯಿತು, ಯಾವಾಗ?

ಒಂದೇ ಏಟಿಗೆ ಬದಲಾಗಲಿಲ್ಲ. 2013ರ ನವೆಂಬರಿನಲ್ಲಿ ಸಣ್ಣ ವಿಮಾನಗಳ ಪುನಶ್ಚೇತನ ಕಾಯ್ದೆಗೆ ಸಹಿ ಬಿತ್ತು. 2015ರ ಡಿಸೆಂಬರಿನೊಳಗೆ ಹೊಸ ನಿಯಮ ತರಬೇಕೆಂದು ಅದು ಎಫ್‌ಎಎಗೆ ಗಡುವು ಹಾಕಿತು. ಗಡುವು ತಪ್ಪಿತು. ಅಷ್ಟರಲ್ಲಿ ಸಣ್ಣ ಸಣ್ಣ ಬಾಗಿಲುಗಳು ತೆರೆದವು. 2014ರಲ್ಲಿ ರೆಕ್ಕೆ ಗಾಳಿಗೆ ಒಡ್ಡುವ ಕೋನ ತೋರಿಸುವ ಆಂಗಲ್ ಆಫ್ ಅಟ್ಯಾಕ್ ಮೀಟರಿಗೆ ಸರಳ ದಾರಿ ಬಂತು. 2015ರಲ್ಲಿ ವಾಕ್ಯೂಮ್ ಕೃತಕ ದಿಗಂತ ತೆಗೆದು ಎಲೆಕ್ಟ್ರಾನಿಕ್ ಹಾಕುವುದನ್ನು ಚಿಕ್ಕ ಬದಲಾವಣೆ ಎಂದು ಪರಿಗಣಿಸಲು ದಾರಿಮಾಡಿಕೊಡುವ ನೀತಿ ಬಂತು. 2016ರ ಮಾರ್ಚಿನಲ್ಲಿ ನಾರ್ಸೀ ನೀತಿ (ಮುಂದಿನ ಪ್ರಶ್ನೆ ನೋಡಿ) ಜಾರಿಯಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಹವ್ಯಾಸಿ ವಿಮಾನದವರ ಸಂಘವಾದ ಇಎಎ, ಡೈನಾನ್ ಡಿ10ಎ ಎಂಬ ಎಲೆಕ್ಟ್ರಾನಿಕ್ ಪರದೆಗೆ ಎಸ್‌ಟಿಸಿ ಪಡೆಯಿತು. ಜುಲೈನಲ್ಲಿ ಗಾರ್ಮಿನ್ ಕಂಪನಿಯ ಜಿ5 ಎಂಬ ಅಂಥದ್ದೇ ಪರದೆ ಬಂತು. 2017ರ ಆಗಸ್ಟ್ 30ರಂದು ಸಣ್ಣ ವಿಮಾನಗಳ ವಿನ್ಯಾಸ ನಿಯಮಾವಳಿಯಾದ ಪಾರ್ಟ್ 23ರ ಹೊಸ ರೂಪ ಜಾರಿಗೆ ಬಂತು.

ಈ ಕೊನೆಯದರ ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ. ಹೊಸ ಪಾರ್ಟ್ 23 ಮುಖ್ಯವಾಗಿ ಹೊಸ ವಿನ್ಯಾಸಗಳಿಗೆ ಸಂಬಂಧಿಸಿದ್ದು. ‘ಹೀಗೇ ಮಾಡು’ ಎನ್ನುವ ಬದಲು ‘ಈ ಫಲ ಬರಲಿ’ ಎಂದು ಹೇಳಿ, ವಿವರವನ್ನು ಎಎಸ್‌ಟಿಎಂ ಎಂಬ ಸಂಸ್ಥೆಯ ಮಾನದಂಡಗಳಿಗೆ ಬಿಟ್ಟುಕೊಟ್ಟಿತು. ನಿಮ್ಮ 1967ರ ಚೆರೋಕಿಯ ಸರ್ಟಿಫಿಕೇಟ್ ಆಧಾರ ಅದರಿಂದ ಬದಲಾಗಿಲ್ಲ. ಹಳೆಯ ವಿಮಾನದವರಿಗೆ ನಿಜವಾಗಿ ಕೈಗೆ ಬಂದದ್ದು 2014ರಿಂದ 2016ರೊಳಗಿನ ನೀತಿಪತ್ರಗಳು, ಮತ್ತು ಅವುಗಳ ಬೆನ್ನಿಗೆ ಬಂದ ಅಗ್ಗದ ಎಸ್‌ಟಿಸಿಗಳು.

ನಾರ್ಸೀ ಅಂದರೆ ಏನು?

ಕಡ್ಡಾಯವಲ್ಲದ, ಆದರೆ ಸುರಕ್ಷತೆ ಹೆಚ್ಚಿಸುವ ಉಪಕರಣ ಎಂಬುದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಸುತ್ತಲಿನ ವಿಮಾನಗಳ ಎಚ್ಚರಿಕೆ, ನೆಲದ ಎಚ್ಚರಿಕೆ, ಹೆಚ್ಚುವರಿ ಕೃತಕ ದಿಗಂತ, ಬೆಂಕಿ ಆರಿಸುವ ಸಾಧನ ಇಂಥವು ಇದರೊಳಗೆ ಬರುತ್ತವೆ. ತಯಾರಕರು ಟಿಎಸ್‌ಒ ಬದಲು ಎಎಸ್‌ಟಿಎಂ ಥರದ ಮಾನದಂಡವನ್ನೋ ತಮ್ಮದೇ ಮಾನದಂಡವನ್ನೋ ಎಫ್‌ಎಎ ಮುಂದಿಟ್ಟು ಒಪ್ಪಿಗೆ ಪತ್ರ ಪಡೆಯಬಹುದು. ಕೆಟ್ಟರೂ, ತಪ್ಪು ಮಾಹಿತಿ ಕೊಟ್ಟರೂ ಅದರಿಂದ ಆಗುವ ಅಪಾಯ ಅಲ್ಪ ಎಂದು ತೋರಿಸಬೇಕು.

ಆ ಪತ್ರ ಒಪ್ಪಿಕೊಳ್ಳುವುದು ಡಬ್ಬಿಯನ್ನು. ನಿಮ್ಮ ವಿಮಾನದೊಳಗೆ ಅದನ್ನು ಕೂರಿಸುವುದಕ್ಕೆ ಆ ಪತ್ರ ಒಪ್ಪಿಗೆಯಲ್ಲ. ಸಡಿಲವಾದದ್ದು ಡಬ್ಬಿಯ ಕಾನೂನು, ಜೋಡಣೆಯ ಕಾನೂನು ಇದ್ದಲ್ಲೇ ಇದೆ. ಈ ಪುಟದ ಮುಕ್ಕಾಲು ಪಾಲು ಪ್ರಶ್ನೆಗಳು ಈ ಎರಡನ್ನು ಒಂದೇ ಎಂದುಕೊಂಡದ್ದರಿಂದ ಹುಟ್ಟಿದವು.

ನಾರ್ಸೀ ಕೃತಕ ದಿಗಂತ ಹಾಕಿ ಹಳೆಯದನ್ನು ತೆಗೆದುಬಿಡಬಹುದೇ?

ಆಗದು. ಹೆಸರಲ್ಲೇ ಇದೆ, ಕಡ್ಡಾಯವಲ್ಲದ್ದು. ಕಡ್ಡಾಯ ಉಪಕರಣದ ಜಾಗದಲ್ಲಿ ಅದನ್ನು ಕೂರಿಸುವಂತಿಲ್ಲ. ಐಎಫ್‌ಆರ್, ಅಂದರೆ ಹೊರಗೆ ನೋಡದೆ ಮೀಟರ್‌ಗಳನ್ನೇ ನಂಬಿ ಮಾಡುವ ಹಾರಾಟಕ್ಕೆ ಬೇಕಾದ ಉಪಕರಣಗಳ ಪಟ್ಟಿಯಲ್ಲಿ ಅದನ್ನು ಲೆಕ್ಕಕ್ಕೂ ಹಿಡಿಯುವಂತಿಲ್ಲ. ಪ್ಯಾನೆಲಿನಲ್ಲಿ ಖಾಲಿ ತೂತು ಇದ್ದರೆ ಅಲ್ಲಿ ಹೆಚ್ಚುವರಿಯಾಗಿ ಕೂರಿಸಿ, ಹಳೆಯದು ಹಾಗೇ ಇರಲಿ. ಹಳೆಯದನ್ನು ತೆಗೆಯಲೇಬೇಕೆಂದಿದ್ದರೆ ಎಸ್‌ಟಿಸಿ ಇರುವ, ಅಥವಾ ಟಿಎಸ್‌ಒ ಪಡೆದ ಉಪಕರಣ ಕೊಳ್ಳಿ.

ಎಎಂಎಲ್ ಎಸ್‌ಟಿಸಿ ಎಂದು ಹೇಳುತ್ತಾರಲ್ಲ?

ಒಂದೇ ಎಸ್‌ಟಿಸಿಗೆ ಹತ್ತಾರು, ನೂರಾರು ಮಾದರಿಗಳ ಪಟ್ಟಿ ಲಗತ್ತಾಗಿರುವುದು. ಗಾರ್ಮಿನ್ ಜಿ5 ಬಂದಾಗಲೇ ಅದರ ಪಟ್ಟಿಯಲ್ಲಿ 560ಕ್ಕೂ ಹೆಚ್ಚು ಮಾದರಿಗಳಿದ್ದವು. ಇಎಎಯ ಡೈನಾನ್ ಪಟ್ಟಿ ಸೆಸ್ನಾ 150, 152, 172, ಪೈಪರ್ ಪಿಎ-28, ಪಿಎ-38ರಿಂದ ಶುರುವಾಯಿತು. ಮನೆಯಲ್ಲಿ ಕಟ್ಟುವ ವಿಮಾನಕ್ಕೆಂದು ಮಾಡಿದ, ಟಿಎಸ್‌ಒ ಇಲ್ಲದ ಡಬ್ಬಿಯನ್ನು ಪ್ರಮಾಣಿತ ವಿಮಾನದೊಳಗೆ ಕಡ್ಡಾಯ ಉಪಕರಣದ ಜಾಗಕ್ಕೇ ಒಪ್ಪಿದ್ದು ಆಗಿನ ಕಾಲಕ್ಕೆ ಸಣ್ಣ ಮಾತಲ್ಲ.

ಪಟ್ಟಿ ನೋಡುವಾಗ ‘172 ಇದೆ’ ಎಂದು ತೃಪ್ತಿಪಟ್ಟುಕೊಳ್ಳಬೇಡಿ. ಮಾದರಿಯ ಉಪ-ಅಕ್ಷರ ನೋಡಿ: 172ಎಂ ಬೇರೆ, ಆರ್172ಕೆ ಬೇರೆ, 172ಆರ್‌ಜಿ ಬೇರೆ. ಎರಡನೆಯದು, ಎಸ್‌ಟಿಸಿ ಬಳಸಲು ಅದರ ಒಡೆಯರಿಂದ ಲಿಖಿತ ಅನುಮತಿ ಪತ್ರ ಬೇಕು. ಹೊಸ ಕಿಟ್ ಜೊತೆ ಅದು ಬರುತ್ತದೆ. ಕೈಬದಲಾದ ಹಳೆಯ ಉಪಕರಣ ಅಗ್ಗವಾಗಿ ಸಿಕ್ಕಿದಾಗ ಅದು ಇರುವುದಿಲ್ಲ, ಮತ್ತೆ ಕೇಳಿ ತರಿಸಬೇಕಾಗುತ್ತದೆ. ಮೂರನೆಯದು, ನಿಮ್ಮ ವಿಮಾನಕ್ಕೆ ಈಗಾಗಲೇ ಬೇರೆ ಎಸ್‌ಟಿಸಿಗಳು ಆಗಿದ್ದರೆ ಅವೆರಡೂ ಒಟ್ಟಿಗೆ ಬಾಳುತ್ತವೆಯೇ ಎಂದು ನೋಡುವ ಹೊಣೆ ಕೂರಿಸುವವರದು.

ಚಿಕ್ಕ ಬದಲಾವಣೆಯೋ ದೊಡ್ಡದೋ ಎಂದು ತೀರ್ಮಾನಿಸುವವರು ಯಾರು?

ಕೆಲಸ ಮಾಡುವ ಎ ಅಂಡ್ ಪಿ ಮೆಕ್ಯಾನಿಕ್ (ವಿಮಾನದ ಮೈ, ಎಂಜಿನ್ ಎರಡಕ್ಕೂ ಲೈಸೆನ್ಸ್ ಇರುವವರು) ಅಥವಾ ರಿಪೇರಿ ಸ್ಟೇಷನ್. ತೂಕ, ಸಮತೋಲನ, ರಚನೆಯ ಬಲ, ಹಾರಾಟದ ಗುಣ ಇವುಗಳ ಮೇಲೆ ಗಣನೀಯ ಪರಿಣಾಮವಿಲ್ಲದಿದ್ದರೆ ಚಿಕ್ಕದು. ಆಗ ಲಾಗ್‌ಬುಕ್ಕಿನಲ್ಲಿ ಬರೆದು ಎ ಅಂಡ್ ಪಿ ಸಹಿ ಹಾಕಿದರೆ ಸಾಕು. ದೊಡ್ಡದಾದರೆ ಎಫ್‌ಎಎ ಒಪ್ಪಿದ ದತ್ತಾಂಶ, ದೊಡ್ಡ ಬದಲಾವಣೆಯನ್ನು ದಾಖಲಿಸುವ ಫಾರ್ಮ್ 337, ಐಎ ಎಂಬ ತಪಾಸಣೆಯ ಅಧಿಕಾರವಿರುವ ಮೆಕ್ಯಾನಿಕ್‌ನ ಸಹಿ ಎಲ್ಲ ಬೇಕು. ಸಹಿ ಹಾಕುವವರದ್ದೇ ಲೈಸೆನ್ಸ್ ಪಣಕ್ಕಿರುವುದರಿಂದ ಒಬ್ಬರು ‘ಚಿಕ್ಕದು’ ಎಂದದ್ದನ್ನು ಇನ್ನೊಬ್ಬರು ‘ದೊಡ್ಡದು’ ಎನ್ನಬಹುದು, ಇಬ್ಬರದ್ದೂ ತಪ್ಪಲ್ಲ. ಹಾಗಾಗಿ ಉಪಕರಣ ಕೊಂಡು ತಂದು ಮೆಕ್ಯಾನಿಕ್ ಮುಂದೆ ಇಡಬೇಡಿ. ಮೊದಲು ಅವರೊಂದಿಗೆ ಕೂತು ಮಾತಾಡಿ, ಆಮೇಲೆ ದುಡ್ಡು ಕೊಡಿ.

ವಾಕ್ಯೂಮ್ ಗೈರೊ ಎರಡನ್ನೂ ತೆಗೆದು ಎಲೆಕ್ಟ್ರಾನಿಕ್ ಹಾಕುವ ಕೆಲಸ ಹೇಗೆ ನಡೆಯುತ್ತದೆ?

172ಕ್ಕೆ ಎರಡು ಜಿ5 ಹಾಕುವುದನ್ನೇ ಉದಾಹರಣೆಗೆ ಇಟ್ಟುಕೊಳ್ಳಿ. ಮೇಲಿನದು ಕೃತಕ ದಿಗಂತ, ಕೆಳಗಿನದು ದಿಕ್ಕು. ಎರಡೂ ಹಳೆಯ 3 1/8 ಇಂಚಿನ ದುಂಡು ತೂತಿನಲ್ಲೇ ಕೂರುತ್ತವೆ. ಪ್ರತಿಯೊಂದಕ್ಕೂ ಬೆನ್ನಿನಲ್ಲಿ ಬ್ಯಾಟರಿ ಇದ್ದು, ವಿಮಾನದ ಕರೆಂಟ್ ಹೋದರೂ ಹೊಸ ಬ್ಯಾಟರಿಯಲ್ಲಿ ನಾಲ್ಕು ಗಂಟೆಯಷ್ಟು ಓಡುತ್ತದೆ. ಪರದೆಯ ಮೇಲೆ ವೇಗ, ಎತ್ತರ ಕಂಡರೂ ಹಳೆಯ ದುಂಡು ವೇಗಮಾಪಕ, ಆಲ್ಟಿಮೀಟರ್, ಏರಿಳಿತದ ಮೀಟರ್ ಮೂರೂ ಇದ್ದಲ್ಲೇ ಇರಬೇಕು. ಅವನ್ನು ತೆಗೆಯಲು ಈ ಎಸ್‌ಟಿಸಿ ಒಪ್ಪುವುದಿಲ್ಲ.

ಮೊದಲು ವಿಮಾನದ ಈಗಿನ ತೂಕ-ಸಮತೋಲನದ ಹಾಳೆ ಮತ್ತು ಉಪಕರಣ ಪಟ್ಟಿ ಹುಡುಕಿ ಇಟ್ಟುಕೊಳ್ಳಿ. ಆಮೇಲೆ ಗೈರೊಗಳು, ರೆಗ್ಯುಲೇಟರ್, ಫಿಲ್ಟರ್, ಸಕ್ಷನ್ ಗೇಜ್, ಹೋಸುಗಳು ಹೊರಬರುತ್ತವೆ. ಪಂಪ್ ತೆಗೆದ ಜಾಗದಲ್ಲಿ ಎಂಜಿನಿನ ಹಿಂಬದಿಗೆ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಳದ ತಟ್ಟೆ ಬಿಗಿಯಬೇಕು. ಇಲ್ಲಿ ಹಳೆಯ ಗ್ಯಾಸ್ಕೆಟ್ಟನ್ನೇ ಮತ್ತೆ ಬಳಸಿದರೆ ಎಂಜಿನ್ ಆಯಿಲ್ ಜಿನುಗುತ್ತದೆ. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಬೆಂಕಿತಡೆ ಗೋಡೆಯಾದ ಫೈರ್‌ವಾಲಿನಲ್ಲಿ ಹೋಸ್ ಹಾದ ತೂತನ್ನು ಬೆಂಕಿ ತಡೆಯುವ ಸಾಮಗ್ರಿಯಿಂದಲೇ ಮುಚ್ಚಬೇಕು. ಅಂಗಡಿಯ ಸಾಮಾನ್ಯ ಸಿಲಿಕೋನ್ ಮೆತ್ತಿ ಬಿಡುವುದು ಸಾಮಾನ್ಯವಾಗಿ ಕಾಣುವ ತಪ್ಪು.

ವೇಗ, ಎತ್ತರ ಅಳೆಯಲು ಹೊರಗಿನ ಗಾಳಿಯ ಒತ್ತಡ ತರುವ ಪಿಟೋ ಮತ್ತು ಸ್ಟ್ಯಾಟಿಕ್ ಕೊಳವೆಗಳಿಗೆ ‘T’ ಆಕಾರದ ಕವಲು ಜೋಡಿಸಿ ಜಿ5ಗೆ ಕೊಡಬೇಕು. ದಿಕ್ಕಿಗೆ ಬೇಕಾದ ಮ್ಯಾಗ್ನೆಟೊಮೀಟರ್ (ಭೂಕಾಂತವನ್ನು ಅಳೆಯುವ ಸೆನ್ಸರ್) ರೆಕ್ಕೆಯೊಳಗೆ ಹೋಗುತ್ತದೆ. ಆಮೇಲೆ ಸ್ಟ್ಯಾಟಿಕ್ ಸೋರಿಕೆ ಪರೀಕ್ಷೆ: ಒತ್ತಡ ನಿಯಂತ್ರಣವಿಲ್ಲದ ವಿಮಾನದಲ್ಲಿ ಆಲ್ಟಿಮೀಟರ್ 1,000 ಅಡಿ ಹೆಚ್ಚು ತೋರಿಸುವಷ್ಟು ಗಾಳಿ ಎಳೆದು ಮುಚ್ಚಿ ಹಿಡಿದರೆ, ಒಂದು ನಿಮಿಷದಲ್ಲಿ 100 ಅಡಿಗಿಂತ ಹೆಚ್ಚು ಇಳಿಯಬಾರದು. ಈ ಪರೀಕ್ಷೆಯೊಂದನ್ನು ಏರ್‌ಫ್ರೇಮ್ ಮೆಕ್ಯಾನಿಕ್ ಮಾಡಬಹುದು. ಎರಡು ವರ್ಷಕ್ಕೊಮ್ಮೆ ಐಎಫ್‌ಆರ್‌ಗೆ ಬೇಕಾಗುವ ಆಲ್ಟಿಮೀಟರ್ ಪರೀಕ್ಷೆಗೆ ಮಾತ್ರ ಅರ್ಹ ರಿಪೇರಿ ಸ್ಟೇಷನ್ನಿಗೇ ಹೋಗಬೇಕು. ಅದರ ಗಡುವು ಹತ್ತಿರವಿದ್ದರೆ ಎರಡನ್ನೂ ಒಂದೇ ಸಲ ಮುಗಿಸಿಕೊಳ್ಳಿ, ಪ್ಯಾನೆಲ್ ಎರಡು ಸಲ ಬಿಚ್ಚುವ ಕೂಲಿ ಉಳಿಯುತ್ತದೆ.

ಕೊನೆಗೆ ಹಳೆಯ ದ್ರವದ ದಿಕ್ಸೂಚಿಯನ್ನು ಮತ್ತೆ ಸರಿಹೊಂದಿಸಿ, 30 ಡಿಗ್ರಿಗೊಂದರಂತೆ ಹೊಸ ಕಾರ್ಡ್ ಬರೆಯಬೇಕು. ಪ್ಯಾನೆಲಿನ ಲೋಹ, ತಂತಿ ಬದಲಾದಾಗ ಅದರ ಓದು ಬದಲಾಗಿಯೇ ಇರುತ್ತದೆ.

ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ?

ಮೊದಲನೆಯದು ಆಟೊಪೈಲಟ್. ಹಳೆಯ ಸೆಂಚುರಿ III ಥರದವು ವಾಲುವಿಕೆಯ ಮಾಹಿತಿಯನ್ನು ಆ ವಾಕ್ಯೂಮ್ ಕೃತಕ ದಿಗಂತದಿಂದಲೇ ತೆಗೆದುಕೊಳ್ಳುತ್ತವೆ. ಗೈರೊ ಹೋದರೆ ಆಟೊಪೈಲಟ್ಟೂ ಹೋಯಿತು. ಎಸ್-ಟೆಕ್ 30 ಜಾತಿಯವು ತಿರುವು ತೋರಿಸುವ ಮೀಟರಾದ ಟರ್ನ್ ಕೋಆರ್ಡಿನೇಟರನ್ನು ನೆಚ್ಚಿಕೊಂಡಿವೆ, ಅಲ್ಲಿ ಹೊಸ ಪರದೆ ಹಾಕಲು ಅದನ್ನು ಕಿತ್ತರೆ ಇದೇ ಕಥೆ. ದಿಕ್ಕಿನ ಸಂಕೇತ ಮಾತ್ರ ಬೇಕಿದ್ದರೆ ಜಿಎಡಿ 29ಬಿ ಎಂಬ ಅಡಾಪ್ಟರ್ ಸೇರಿಸಿ ಕೊಡಬಹುದು. ಕೊಳ್ಳುವ ಮುಂಚೆ ಆಟೊಪೈಲಟಿನ ಹೆಸರು, ಮಾದರಿ ಬರೆದುಕೊಂಡು ಹೋಗಿ ಕೇಳಿ.

ಎರಡನೆಯದು ಮ್ಯಾಗ್ನೆಟೊಮೀಟರಿನ ಜಾಗ. ಸ್ಟ್ರೋಬ್ ದೀಪದ ತಂತಿಯ ಪಕ್ಕ, ಉಕ್ಕಿನ ಐಲೆರಾನ್ ಕೇಬಲ್ ಓಡಾಡುವಲ್ಲಿ ಕೂರಿಸಿದರೆ ನೆಲದ ಮೇಲೆ ಸರಿಯಾಗೇ ಇರುತ್ತದೆ, ಆಕಾಶದಲ್ಲಿ ದೀಪ ಹಾಕಿದೊಡನೆ ದಿಕ್ಕು ಜಾರುತ್ತದೆ. ಅದಕ್ಕೇ ಸ್ಕ್ರೂ ಬಿಗಿಯುವ ಮೊದಲು ಅಡಚಣೆ ಪರೀಕ್ಷೆ ಮಾಡಬೇಕು: ಒಬ್ಬರು ಒಂದೊಂದಾಗಿ ದೀಪ, ಪಿಟೋ ಹೀಟರ್, ಫ್ಲ್ಯಾಪ್ ಮೋಟಾರ್ ಹಾಕಿ ಆರಿಸುತ್ತಾ ಕಂಟ್ರೋಲ್‌ಗಳನ್ನು ಕೊನೆಯಿಂದ ಕೊನೆಗೆ ಆಡಿಸುವುದು, ಇನ್ನೊಬ್ಬರು ಪರದೆ ನೋಡುವುದು. ಮ್ಯಾಗ್ನೆಟೊಮೀಟರಿನ ತಟ್ಟೆ ಹಿಡಿದ ಸ್ಕ್ರೂಗಳು ಕಬ್ಬಿಣದವಾಗಿದ್ದರೂ ಸಾಕು, ಓದು ಕೆಡಲು.

ಮೂರನೆಯದು ಕ್ಯಾನ್ ಬಸ್. ಜಿ5, ಮ್ಯಾಗ್ನೆಟೊಮೀಟರ್ ಎಲ್ಲ ಎರಡೆಳೆಯ ಒಂದೇ ತಂತಿಯ ಮೇಲೆ ಮಾತಾಡಿಕೊಳ್ಳುತ್ತವೆ. ಆ ತಂತಿಯ ಎರಡು ತುದಿಗಳಲ್ಲೂ 120 ಓಮ್‌ನ ಟರ್ಮಿನೇಟರ್ ಇರಬೇಕು, ಎರಡು ತುದಿಗಳಲ್ಲಿ ಮಾತ್ರ. ಕರೆಂಟ್ ಆರಿಸಿ ಮಲ್ಟಿಮೀಟರನ್ನು ಎರಡೂ ಎಳೆಗಳಿಗೆ ಹಿಡಿದರೆ ಸುಮಾರು 60 ಓಮ್ ತೋರಿಸಬೇಕು. 120 ಬಂದರೆ ಒಂದು ಟರ್ಮಿನೇಟರ್ ಇಲ್ಲ. 40 ಬಂದರೆ ಯಾರೋ ಮಧ್ಯದಲ್ಲಿ ಮೂರನೆಯದನ್ನು ಹಾಕಿದ್ದಾರೆ. ಆಗೊಮ್ಮೆ ಈಗೊಮ್ಮೆ ಕೆಂಪು ಅಡ್ಡಗೆರೆ ಬಂದು ಹೋಗುವ ಕಾಟಕ್ಕೆ ಪರದೆ ಬದಲಿಸುವ ಮುಂಚೆ ಈ ಎರಡು ನಿಮಿಷದ ಪರೀಕ್ಷೆ ಮಾಡಿ.

ಇನ್ನು ಹಳೆಯ ತಂತಿ. ಅರವತ್ತು-ಎಪ್ಪತ್ತರ ದಶಕದ ವಿಮಾನಗಳ ಪಿವಿಸಿ ಹೊದಿಕೆ ಈಗ ಒಣಗಿದ ತೆಂಗಿನಗರಿಯಂತೆ, ಬಗ್ಗಿಸಿದರೆ ಬಿರುಕು. ಹೊಸ ಉಪಕರಣಕ್ಕೆ ಹೊಸ ಟೆಫ್‌ಜೆಲ್ ತಂತಿ, ಹೊಸ ಬ್ರೇಕರ್ ಹಾಕಿಸಿ. ಹಳೆಯ ಕಟ್ಟಿನೊಳಗೆ ಕೈ ಹಾಕಿ ಎಳೆದಾಡಿದಷ್ಟೂ ಹೊಸ ದೋಷ ಹುಟ್ಟುತ್ತವೆ. ಮೂರು ದಿನದ ಕೆಲಸ ಮೂರು ವಾರವಾಗುವುದು ಹೆಚ್ಚಾಗಿ ಇಲ್ಲೇ.

ತೂಕ ಕಡಿಮೆಯಾಗುವುದಲ್ಲವೇ, ಅದರ ಲೆಕ್ಕ ಯಾಕೆ?

ಕಡಿಮೆಯಾಗುತ್ತದೆ, ಆದರೆ ಎಲ್ಲಿ ಕಡಿಮೆಯಾಯಿತು ಎಂಬುದೂ ಮುಖ್ಯ. 172ರಲ್ಲಿ ಅಳತೆ ಶುರುವಾಗುವುದು ಫೈರ್‌ವಾಲಿನಿಂದ. ಕಲ್ಪಿತ ಅಂಕಿಗಳಿಂದ ಒಂದು ಲೆಕ್ಕ: ಖಾಲಿ ತೂಕ 1,400 ಪೌಂಡ್, ತೂಕದ ಕೇಂದ್ರ 38 ಇಂಚು, ಮೊಮೆಂಟ್ (ತೂಕ ಗುಣಿಸು ದೂರ) 53,200. ತೆಗೆದದ್ದು: ಪಂಪ್ 4 ಪೌಂಡ್ (ಮೈನಸ್ 4 ಇಂಚಿನಲ್ಲಿ), ಗೈರೊಗಳು 5 ಪೌಂಡ್ (14 ಇಂಚು), ಹೋಸು ಇತ್ಯಾದಿ 3 ಪೌಂಡ್ (2 ಇಂಚು), ಒಟ್ಟು 12 ಪೌಂಡ್, ಮೊಮೆಂಟ್ 60. ಹಾಕಿದ್ದು: ಪರದೆಗಳು 2 ಪೌಂಡ್ (14 ಇಂಚು), ಮ್ಯಾಗ್ನೆಟೊಮೀಟರ್ ಅರ್ಧ ಪೌಂಡ್ (45 ಇಂಚು), ಮೊಮೆಂಟ್ 50.5. ಹೊಸ ತೂಕ 1,390.5, ಮೊಮೆಂಟ್ 53,190.5, ಕೇಂದ್ರ 38.25 ಇಂಚು. ಒಂಬತ್ತೂವರೆ ಪೌಂಡ್ ಉಳಿಯಿತು, ಕೇಂದ್ರ ಕಾಲು ಇಂಚು ಹಿಂದಕ್ಕೆ ಹೋಯಿತು. 172ಕ್ಕೆ ಇದು ಏನೂ ಅಲ್ಲ. ಹಿಂದೆ ಭಾರ ತುಂಬಿದರೆ ಬೇಗ ಮಿತಿ ದಾಟುವ ಕೆಲವು ಬೊನಾಂಜಾಗಳಲ್ಲಿ ಈ ಕಾಲು ಇಂಚು ಸೂಟ್‌ಕೇಸಿನ ಲೆಕ್ಕಕ್ಕೆ ಬರುತ್ತದೆ.

ಕೆಲಸ ಮುಗಿದ ಮೇಲೆ ಯಾವ ಕಾಗದಗಳು ಕೈಗೆ ಬರಬೇಕು?

ಎಸ್‌ಟಿಸಿ ಕೆಲಸವಾದರೆ: ಸಹಿಯಾದ ಫಾರ್ಮ್ 337, ಲಾಗ್‌ಬುಕ್ ನಮೂದು, ಹೊಸ ತೂಕ-ಸಮತೋಲನದ ಹಾಳೆ, ತಿದ್ದಿದ ಉಪಕರಣ ಪಟ್ಟಿ, ಹಾರಾಟ ಕೈಪಿಡಿಯ ಪೂರಕ ಪುಟಗಳು, ಮುಂದಿನ ನಿರ್ವಹಣೆಯ ಸೂಚನೆಗಳು, ಅನುಮತಿ ಪತ್ರ. 337ರ ಎರಡು ಪ್ರತಿ ಆಗಬೇಕು. ಒಂದು ನಿಮಗೆ, ಇನ್ನೊಂದು ವಿಮಾನವನ್ನು ಸೇವೆಗೆ ಬಿಟ್ಟ 48 ಗಂಟೆಯೊಳಗೆ ಓಕ್ಲಹೋಮಾ ಸಿಟಿಯ ಎಫ್‌ಎಎ ನೋಂದಣಿ ಶಾಖೆಗೆ. ಪೂರಕ ಪುಟಗಳು ವಿಮಾನದೊಳಗೇ ಇರಬೇಕು, ಮನೆಯ ಕಪಾಟಿನಲ್ಲಲ್ಲ. ನಿರ್ವಹಣೆಯ ಸೂಚನೆಗಳನ್ನು ಜನ ಮರೆಯುತ್ತಾರೆ. ಬ್ಯಾಟರಿಯನ್ನು ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸಬೇಕು ಎಂಬುದು ಅದರಲ್ಲಿದೆ, ವಾರ್ಷಿಕ ತಪಾಸಣೆಯ ಮೆಕ್ಯಾನಿಕ್‌ಗೆ ಅದು ಕೈಗೆ ಸಿಗಬೇಕು.

ಆಂಗಲ್ ಆಫ್ ಅಟ್ಯಾಕ್ ಮೀಟರ್ ಹಾಕಿಸಿದರೆ ಉಪಯೋಗ ಇದೆಯೇ?

ಇದೆ, ಆದರೆ ನೋಡುವ ಅಭ್ಯಾಸ ಮಾಡಿಕೊಂಡರೆ ಮಾತ್ರ. ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಆಗುವುದು ವೇಗಕ್ಕಲ್ಲ, ರೆಕ್ಕೆ ಗಾಳಿಗೆ ಒಡ್ಡುವ ಕೋನಕ್ಕೆ. ಇಳಿಯುವ ಮುನ್ನ ಕೊನೆಯ ತಿರುವಿನಲ್ಲಿ ಕಡಿದಾಗಿ ವಾಲಿಸಿ ಎಳೆದಾಗ ವೇಗಮಾಪಕ ಸುಮ್ಮನಿದ್ದರೂ ಇದು ಕೂಗುತ್ತದೆ. ರೆಕ್ಕೆಯ ಕೆಳಗಿನ ತಪಾಸಣೆ ಮುಚ್ಚಳದ ಮೇಲೆಯೇ ಕೂರುವ ಪ್ರೋಬ್ ಇರುವುದನ್ನು ಆರಿಸಿಕೊಳ್ಳಿ. ರೆಕ್ಕೆಯ ಚರ್ಮಕ್ಕೆ ತೂತು ಕೊರೆಯಬೇಕಿಲ್ಲ, ಚಿಕ್ಕ ಬದಲಾವಣೆ ಎನ್ನಲು ಮೆಕ್ಯಾನಿಕ್‌ಗೂ ಸುಲಭ, ಬೇಡವಾದರೆ ಹಳೆಯ ಮುಚ್ಚಳ ಹಾಕಿದರಾಯಿತು. ಆಕಾಶದಲ್ಲಿ ಸುರಕ್ಷಿತ ಎತ್ತರದಲ್ಲಿ ಮಾಪನ ಹೊಂದಿಸದೆ ಬಳಸಿದರೆ ಅದು ಬರೀ ಬಣ್ಣದ ದೀಪ. ಮೂಲ ಸ್ಟಾಲ್ ಎಚ್ಚರಿಕೆಯ ಹಾರ್ನ್ ಇರಲೇಬೇಕು.

ಆಟೊಪೈಲಟ್ಟಿಗೂ ಇದೇ ಸಡಿಲಿಕೆ ಸಿಗುತ್ತದೆಯೇ?

ಬೆಲೆಗೆ ಸಿಕ್ಕಿತು, ಕಾಗದಕ್ಕೆ ಅಷ್ಟಾಗಿ ಇಲ್ಲ. ಸರ್ವೊ ಮೋಟಾರ್ ಕಂಟ್ರೋಲ್ ಕೇಬಲ್ಲನ್ನು ಹಿಡಿದುಕೊಳ್ಳುತ್ತದೆ, ಕೆಟ್ಟು ಬಿಗಿಹಿಡಿದರೆ ಪೈಲಟ್ ಕೈಬಲದಿಂದ ಮೀರಿ ಹಾರಿಸಲು ಸಾಧ್ಯವಾಗಬೇಕು. ಹಾಗಾಗಿ ಎಸ್‌ಟಿಸಿಯ ದಾರಿಯೇ. ಎಕ್ಸ್‌ಪೆರಿಮೆಂಟಲ್ ಲೋಕದಿಂದ ಬಂದ ಟ್ರೂಟ್ರ್ಯಾಕ್ ವಿಜನ್‌ಗೆ ಇಎಎ ಮೂಲಕ 2017ರಲ್ಲಿ 172ರಿಂದಲೇ ಈ ದಾರಿ ತೆರೆಯಿತು. ಬ್ರಾಕೆಟ್ ಕಿಟ್ ಮಾದರಿಗೆ ಮಾದರಿ ಬೇರೆ. ಪರದೆ ಪಟ್ಟಿಯಲ್ಲಿದೆ ಎಂದರೆ ಆಟೊಪೈಲಟ್ಟೂ ಪಟ್ಟಿಯಲ್ಲಿದೆ ಎಂದಲ್ಲ.

ಎಡಿಎಸ್-ಬಿ ಹಾಕಿಸಿದ ಮೇಲೆ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ?

ಎಡಿಎಸ್-ಬಿ ವಿಮಾನದ ಗುರುತು, ಸ್ಥಾನಗಳನ್ನು ತಾನಾಗಿ ಸಾರುವ ಉಪಕರಣ. 2020ರ ಜನವರಿ 1ರಿಂದ ದೊಡ್ಡ ವಿಮಾನ ನಿಲ್ದಾಣಗಳ ಸುತ್ತಲಿನ ಮತ್ತು ಇನ್ನೂ ಕೆಲವು ವಾಯುಪ್ರದೇಶಗಳಿಗೆ ಇದು ಕಡ್ಡಾಯ. ಕೂರಿಸಿದ ಮೇಲೆ ಅಂಥ ಪ್ರದೇಶದಲ್ಲಿ ಅರ್ಧ ಗಂಟೆ ಹಾರಿ, ಎಫ್‌ಎಎ ಜಾಲತಾಣದಲ್ಲಿ ಉಚಿತ ವರದಿ ಕೇಳಿ. ಇಮೇಲಿಗೆ ಬರುತ್ತದೆ, ಕೆಂಪು ಬಣ್ಣದ ಕೋಶ ಇದ್ದರೆ ದೋಷ. ಹೆಚ್ಚಾಗಿ ಸಿಗುವ ತಪ್ಪು 24 ಬಿಟ್‌ನ ಗುರುತು ಸಂಖ್ಯೆಯದು. ಅದು ‘ಎನ್’ ಸಂಖ್ಯೆಗೆ ತಕ್ಕಂತೆ ಇರುವಂಥದ್ದು, ‘ಎನ್’ ಸಂಖ್ಯೆ ಬದಲಿಸಿಕೊಂಡವರು ಇದನ್ನು ಬದಲಿಸಲು ಮರೆಯುತ್ತಾರೆ. ನೆಲದಲ್ಲಿದ್ದಾಗ ‘ಹಾರುತ್ತಿದ್ದೇನೆ’ ಎಂದು ಸಾರುವ ಹೊಂದಿಕೆ ಎರಡನೆಯದು.

ಟ್ಯಾಬ್ಲೆಟ್ಟನ್ನು ಸಕ್ಷನ್ ಕಪ್ಪಿನಿಂದ ಅಂಟಿಸಿದರೆ ಅದಕ್ಕೂ ಅನುಮತಿ ಬೇಕೆ?

ಬೇಡ. ಕೈಯಿಂದ ಕಿತ್ತು ಒಯ್ಯುವಂಥದ್ದು ಕೂರಿಸಿದ್ದಲ್ಲ. ವಿಮಾನದ ವೈರಿಂಗಿಗೆ ಖಾಯಂ ಜೋಡಿಸಿದ ಕ್ಷಣ ಅದು ಬದಲಾವಣೆ. ಯುಎಸ್‌ಬಿ ಚಾರ್ಜರ್ ಕೂರಿಸುವುದೂ ಲಾಗ್‌ಬುಕ್ಕಿಗೆ ಬರುವ ಕೆಲಸವೇ. ಅಗ್ಗದ ಕಾರಿನ ಚಾರ್ಜರುಗಳು ರೇಡಿಯೊದಲ್ಲಿ ಕರಕರ ಎಬ್ಬಿಸುತ್ತವೆ. ರೇಡಿಯೊದ ಗದ್ದಲ ತಡೆಯುವ ಸ್ಕ್ವೆಲ್ಚ್ ತಾನಾಗಿ ತೆರೆದುಕೊಳ್ಳುತ್ತಿದ್ದರೆ ಮೊದಲು ಅದನ್ನು ಕಿತ್ತು ನೋಡಿ, ಆಮೇಲೆ ಹೊಸ ಎಲ್‌ಇಡಿ ದೀಪವನ್ನು ಆರಿಸಿ ನೋಡಿ.

ನನ್ನ ಕೈಯಿಂದಲೇ ಎಷ್ಟು ಮಾಡಬಹುದು?

ಖಾಸಗಿ ಪೈಲಟ್ ಲೈಸೆನ್ಸ್ ಇರುವ ಮಾಲೀಕರಿಗೆ ತಡೆಗಟ್ಟುವ ನಿರ್ವಹಣೆಯ ಪಟ್ಟಿಯಿದೆ; ಟ್ರೇಯಲ್ಲಿ ಕೂರುವ ರೇಡಿಯೊವನ್ನು ಎಳೆದು ಮತ್ತೆ ಕೂರಿಸುವುದು ಅದರಲ್ಲಿದೆ, ಟ್ರಾನ್ಸ್‌ಪಾಂಡರ್ ಮತ್ತು ಆಟೊಪೈಲಟ್ ಇಲ್ಲ. ಅದರಾಚೆಗೆ, ಮೆಕ್ಯಾನಿಕ್ ಖುದ್ದಾಗಿ ನಿಂತು ನೋಡಿಕೊಳ್ಳುತ್ತಾ ಸಹಿ ಹಾಕಲು ಒಪ್ಪಿದರೆ ತಂತಿ ಕತ್ತರಿಸುವುದರಿಂದ ಸ್ಕ್ರೂ ಬಿಗಿಯುವವರೆಗೆ ನೀವೇ ಮಾಡಬಹುದು. ಪ್ಯಾನೆಲ್ ಬಿಚ್ಚುವುದು, ಹಳೆಯ ಹೋಸ್ ತೆಗೆಯುವುದು, ಒರೆಸುವುದು ಇವನ್ನು ನೀವು ಮಾಡಿದರೆ ಕೂಲಿ ಗಣನೀಯವಾಗಿ ಇಳಿಯುತ್ತದೆ. ಕ್ರಿಂಪ್ ಮಾಡುವ ಕೆಲಸ ಮಾತ್ರ ಸರಿಯಾದ ಉಪಕರಣ ಇರುವವರಿಗೇ ಬಿಡಿ.

ತಯಾರಕರೇ ಕೊಡದ ಚಿಕ್ಕ ಭಾಗವನ್ನು ಮಾಡಿಸಿಕೊಳ್ಳಬಹುದೇ?

ಮಾಲೀಕ-ನಿರ್ಮಿತ ಭಾಗ ಎಂಬ ಅವಕಾಶ ಮೊದಲಿನಿಂದಲೂ ಇದೆ, ಬಹಳ ಜನರಿಗೆ ಗೊತ್ತಿಲ್ಲ. ನೀವೇ ಲೇತಿನ ಮುಂದೆ ನಿಲ್ಲಬೇಕಿಲ್ಲ. ವಿನ್ಯಾಸ, ಸಾಮಗ್ರಿ, ತಯಾರಿಕೆಯ ವಿಧಾನ, ಗುಣ ಪರೀಕ್ಷೆಯ ಕ್ರಮ, ಮೇಲುಸ್ತುವಾರಿ ಇವುಗಳಲ್ಲಿ ಒಂದನ್ನಾದರೂ ನೀವು ಕೊಟ್ಟಿರಬೇಕು, ಭಾಗ ನಿಮ್ಮ ವಿಮಾನಕ್ಕೇ ಹೋಗಬೇಕು. ಹೆಚ್ಚುವರಿ ಮಾಡಿಸಿ ಪಕ್ಕದವರಿಗೆ ಮಾರಿದರೆ ಕಾನೂನು ಮುರಿದಂತೆ. ಮುರಿದ ಭಾಗದ ಅಳತೆ ತೆಗೆದರೆ ಸಾಲದು. ಅಲ್ಯೂಮಿನಿಯಂ 2024 ಟಿ3 ಎಂದಿದ್ದರೆ ಅದೇ ಮಿಶ್ರಲೋಹ, ಅದೇ ಹದ ಬೇಕು, ಬಿಲ್ ಇಟ್ಟುಕೊಂಡಿರಬೇಕು.

2025ರ ಮೋಸಾಯಿಕ್ ನಿಯಮ ಬಂದ ಮೇಲೆ ನನ್ನ 172 ‘ಲೈಟ್ ಸ್ಪೋರ್ಟ್’ ಆಯಿತಂತೆ?

ವಿಮಾನ ಏನೂ ಆಗಿಲ್ಲ. 2025ರ ಅಕ್ಟೋಬರ್ 22ರಿಂದ ಬದಲಾದದ್ದು ಖಾಸಗಿ ಪೈಲಟ್‌ಗಿಂತ ಕೆಳಗಿನ ಲೈಸೆನ್ಸ್ ಆದ ಸ್ಪೋರ್ಟ್ ಪೈಲಟ್‌ನ ಹಕ್ಕು: ಫ್ಲ್ಯಾಪ್ ಇಳಿಸದ ಸ್ಟಾಲ್ ವೇಗ 59 ನಾಟ್ ಮೀರದ, ನಾಲ್ಕು ಸೀಟಿನವರೆಗಿನ ವಿಮಾನ ಹಾರಿಸಬಹುದು, ಜೊತೆಗೆ ಒಬ್ಬರನ್ನು ಮಾತ್ರ ಕೂರಿಸಿಕೊಳ್ಳಬಹುದು. 172 ಆ ಮಿತಿಯೊಳಗೆ ಬರುತ್ತದೆ. ಆದರೆ ಅದರ ಟೈಪ್ ಸರ್ಟಿಫಿಕೇಟ್ ಹಾಗೇ ಇದೆ, ನಿರ್ವಹಣೆ ಎ ಅಂಡ್ ಪಿಯದ್ದೇ. ಹಾರಿಸುವವರ ನಿಯಮ ಸಡಿಲವಾಯಿತೆಂದು ಪ್ಯಾನೆಲಿಗೆ ಮನಬಂದದ್ದನ್ನು ತುರುಕುವಂತಿಲ್ಲ.

ಹಳೆಯ ವಿಮಾನವನ್ನು ಪೂರ್ತಿ ಮಾಲೀಕರ ಕೈಗೇ ಬಿಡುವ ವರ್ಗ ಬರುತ್ತದೆ ಎಂದಿದ್ದರಲ್ಲ?

2013ರ ಪಾರ್ಟ್ 23 ಸಮಿತಿ ಅಂಥದ್ದನ್ನು ಶಿಫಾರಸು ಮಾಡಿತ್ತು. 20 ವರ್ಷ ದಾಟಿದ ಖಾಸಗಿ ವಿಮಾನಗಳನ್ನು ಬೇರೆ ವರ್ಗಕ್ಕೆ ಸರಿಸಿ, ಪ್ರಮಾಣಿತವಲ್ಲದ ಭಾಗಗಳಿಗೂ ಅವಕಾಶ ಕೊಡುವ ಯೋಚನೆ ಅದು. 2017ರ ನಿಯಮದಲ್ಲಿ ಎಫ್‌ಎಎ ಅದನ್ನು ಸೇರಿಸಲಿಲ್ಲ. ಕೆನಡಾದಲ್ಲಿ ಇಂಥದ್ದು ಮೊದಲೇ ಇದೆ, ‘ಮಾಲೀಕ ನಿರ್ವಹಣೆ’ ವರ್ಗ. ಆದರೆ ಅದಕ್ಕೆ ಸರಿದ ವಿಮಾನ ಅಮೆರಿಕಕ್ಕೆ ಹಾರಿಬರುವಂತಿಲ್ಲ, ಮತ್ತೆ ಹಳೆಯ ವರ್ಗಕ್ಕೆ ಮರಳುವುದು ಬಲು ಕಷ್ಟ, ಮಾರುವಾಗ ಬೆಲೆಯೂ ಕುಸಿಯುತ್ತದೆ. ಯುರೋಪ್ 2015ರಲ್ಲಿ ಬೇರೆ ದಾರಿ ಹಿಡಿಯಿತು: ಸಿಎಸ್-ಸ್ಟ್ಯಾನ್ ಎಂಬ ಪುಸ್ತಕದಲ್ಲಿ ಸಾಮಾನ್ಯ ಬದಲಾವಣೆಗಳನ್ನು ವಿಧಾನ ಸಮೇತ ಬರೆದಿಟ್ಟಿದೆ, ಅದರಂತೆ ಮಾಡಿ ಒಂದು ಫಾರ್ಮ್ ತುಂಬಿದರೆ ಮುಗಿಯಿತು. ಮೆಕ್ಯಾನಿಕ್ ತಲೆಕೆರೆದುಕೊಳ್ಳುವ ‘ಚಿಕ್ಕದೋ ದೊಡ್ಡದೋ’ ಪ್ರಶ್ನೆಗೆ ಇದು ಅಮೆರಿಕದ ದಾರಿಗಿಂತ ಚೊಕ್ಕ ಉತ್ತರ.

ಎಚ್-1ಬಿ ವೀಸಾದಲ್ಲಿದ್ದೇನೆ. ಇಂಥ ವಿಮಾನ ನನ್ನ ಹೆಸರಿಗೆ ಆಗುತ್ತದೆಯೇ?

ನೇರವಾಗಿ ಆಗದು. ವ್ಯಕ್ತಿಯ ಹೆಸರಿಗೆ ‘ಎನ್’ ನೋಂದಣಿಯಾಗಲು ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ಅಮೆರಿಕನ್ ಟ್ರಸ್ಟಿ ಇರುವ ಮಾಲೀಕ ಟ್ರಸ್ಟ್ ಮೂಲಕ ಇಟ್ಟುಕೊಳ್ಳುವವರಿದ್ದಾರೆ. ವಾಯುಯಾನ ವಕೀಲರಿಂದಲೇ ಮಾಡಿಸಿ, ವರ್ಷಾವರಿ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಜಕ್ಕೂರಿನಲ್ಲಿರುವ ವಿಮಾನಕ್ಕೆ ಈ ನಿಯಮ ಅನ್ವಯಿಸುತ್ತದೆಯೇ?

ಇಲ್ಲ. ಭಾರತದ ‘ವಿಟಿ’ ನೋಂದಣಿಯ ವಿಮಾನಕ್ಕೆ ಇಲ್ಲಿನ ವಾಯುಯಾನ ನಿಯಂತ್ರಕ ಡಿಜಿಸಿಎ ಮಾತೇ ಮಾತು. ಅಮೆರಿಕದಲ್ಲಿ ‘ಚಿಕ್ಕ ಬದಲಾವಣೆ’ ಎಂದು ಲಾಗ್‌ಬುಕ್ಕಿನಲ್ಲಿ ಬರೆದು ಮುಗಿಸಿದ್ದು ಇಲ್ಲಿ ತಾನಾಗಿ ಸಲ್ಲುವುದಿಲ್ಲ. ಎಫ್‌ಎಎ ಎಸ್‌ಟಿಸಿ ಇದ್ದರೂ ಡಿಜಿಸಿಎಯ ಒಪ್ಪಿಗೆ ಪಡೆಯಬೇಕು. ಅಮೆರಿಕದಿಂದ ಹಳೆಯ ವಿಮಾನ ತರಿಸುವವರು ಪ್ಯಾನೆಲಿನ ಪ್ರತಿ ಹೊಸ ಡಬ್ಬಿಗೂ ಯಾವ ಆಧಾರದ ಮೇಲೆ ಕೂತಿದೆ ಎಂಬ ಕಾಗದ ಕೇಳಿ ಪಡೆಯಲಿ, ಇಲ್ಲಿಗೆ ಬಂದ ಮೇಲೆ ಹುಡುಕುವುದು ಆಗದ ಮಾತು.

ಪ್ಯಾನೆಲ್ ಈಗಾಗಲೇ ಹೊಸದಾಗಿರುವ ವಿಮಾನ ಕೊಳ್ಳುತ್ತಿದ್ದೇನೆ. ಏನು ನೋಡಲಿ?

ಎಫ್‌ಎಎಯಿಂದ ಆ ವಿಮಾನದ ದಾಖಲೆಗಳನ್ನು ಅಲ್ಪ ಶುಲ್ಕಕ್ಕೆ ತರಿಸಿ. ಅದರಲ್ಲಿ ಇದುವರೆಗೆ ಸಲ್ಲಿಸಿದ 337ಗಳೆಲ್ಲ ಇರುತ್ತವೆ. ಪ್ಯಾನೆಲಿನ ಫೋಟೊ ಪಕ್ಕಕ್ಕಿಟ್ಟುಕೊಂಡು ಒಂದೊಂದು ಉಪಕರಣಕ್ಕೂ 337 ಅಥವಾ ಲಾಗ್‌ಬುಕ್ ನಮೂದು ಹೊಂದಿಸುತ್ತಾ ಹೋಗಿ. ಎರಡರಲ್ಲೂ ಇಲ್ಲದ ಉಪಕರಣ ಕಂಡರೆ, ವಿಮಾನ ಕೊಂಡ ಮೇಲಿನ ಮೊದಲ ವಾರ್ಷಿಕ ತಪಾಸಣೆಯಲ್ಲಿ ಐಎ ಅದನ್ನೇ ಹಿಡಿಯುತ್ತಾರೆ, ಆಗಿನ ಖರ್ಚು ನಿಮ್ಮದು. ಕೊನೆಯ ತೂಕ-ಸಮತೋಲನದ ಹಾಳೆಯ ತಾರೀಕು ಪ್ಯಾನೆಲ್ ಕೆಲಸದ ತಾರೀಕಿಗಿಂತ ಹಳೆಯದಾಗಿದ್ದರೆ, ವಿಮಾನವನ್ನು ತಕ್ಕಡಿಯ ಮೇಲೆ ನಿಲ್ಲಿಸಿ ಹೊಸದಾಗಿ ತೂಗಿಸಿ ಕೊಡಲು ಮಾರುವವರಿಗೇ ಹೇಳಿ.